ಗುಳ್ಳೆಯಕ್ಕನೂ ಮುನ್ನೂರು ಸಹಿಗಳೂ

ರಕ್ತಪಿಶಾಚಿಯನ್ನು ಮುಗಿಸಲು ಚೂಪಾದ ಮರದ ಗೂಟ, ಒಂದು ಸುತ್ತಿಗೆ ಮತ್ತು ಸ್ವಲ್ಪ ಗುಂಡಿಗೆ ಇದ್ದರೆ ಸಾಕು ಎಂದು ಲೋಕ ತಿಳಿದಿದೆ. ಲೋಕಕ್ಕೆ ಗೊತ್ತಿಲ್ಲ. ವಾರಕ್ಕೆ ಒಂದರಂತೆ ಇಪ್ಪತ್ತಾರು ವರ್ಷ, ಒಂದೂ ರಜೆ ಹಾಕದೆ ರಕ್ತಪಿಶಾಚಿಗಳನ್ನು ಬೂದಿ ಮಾಡಿದ ಮಹಾವೀರೆಯ ಬಳಿ ಇದ್ದದ್ದು ಅಗಲ ಮೂತಿಯ ಒಂದು ನಿಬ್ಬು, ಒಂದು ಶಾಯಿ ಕುಡಿಕೆ, ಮತ್ತು ಒಂದು ಕಾಲು ಗಿಡ್ಡವಾಗಿದ್ದ ಮೇಜು. ಆ ಮಹಾವೀರೆಯ ಎತ್ತರ ಐದಡಿಗೆ ಎರಡು ಬೆರಳು ಕಡಿಮೆ. ಹಲ್ಲಿ ಕಂಡರೆ ಕುರ್ಚಿ ಹತ್ತುತ್ತಿದ್ದಳು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಗುಳ್ಳೆಯಕ್ಕ ಎನ್ನುತ್ತಿದ್ದರು.

ಹೆಸರು ಬಂದದ್ದು ಕೆಲಸದಿಂದ. ಮಕ್ಕಳ ಚಿತ್ರಕಥೆಯ ವಾರಪತ್ರಿಕೆ ಅದು. ಅದರಲ್ಲಿ ಪಾತ್ರಗಳ ಮಾತು ಬರೆಯಲು ತಲೆಯ ಮೇಲೆ ಬಿಡುವ ದುಂಡನೆಯ ಜಾಗಕ್ಕೆ ಕಚೇರಿಯವರು ಗುಳ್ಳೆ ಎನ್ನುತ್ತಿದ್ದರು. ಕಥೆಗಾರರು ಒಂದು ಹಾಳೆಯಲ್ಲಿ ಕಥೆ ಮತ್ತು ಮಾತು ಬರೆದುಕೊಡಬೇಕು, ಚಿತ್ರಕಾರ ಪೆನ್ಸಿಲಿನಲ್ಲಿ ಚಿತ್ರ ಬಿಡಿಸಿ ಗುಳ್ಳೆಗಳನ್ನು ಖಾಲಿ ಬಿಡಬೇಕು, ಗುಳ್ಳೆಯಕ್ಕ ಆ ಗುಳ್ಳೆಗಳಲ್ಲಿ ಮಾತನ್ನು ಅಚ್ಚಿನಂಥ ಅಕ್ಷರದಲ್ಲಿ ತುಂಬಬೇಕು, ಆಮೇಲೆ ಚಿತ್ರಕಾರ ಶಾಯಿ ಹಾಕಬೇಕು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಸುಟ್ಟ ರಬ್ಬರಿನ ವಾಸನೆಯಲ್ಲಿ, ಬೆಳಿಗ್ಗೆ ಹತ್ತೂವರೆಗೆ ಟ್ಯೂಬ್‌ಲೈಟ್ ಹಾಕಿಕೊಂಡು ಈ ಮೂವರೂ ಕಗ್ಗತ್ತಲ ರಾತ್ರಿಗಳನ್ನು ತಯಾರಿಸುತ್ತಿದ್ದರು.

ಪತ್ರಿಕೆಯ ಜೀವ ಎಂದರೆ ಚೂಪಿ. ಹದಿನಾಲ್ಕು ವರ್ಷದ ಹುಡುಗಿ, ಬೆನ್ನಿಗೆ ಶಾಲೆಯ ಚೀಲ, ಚೀಲದಲ್ಲಿ ಪುಸ್ತಕದ ಬದಲು ಗೂಟಗಳು. ಇಪ್ಪತ್ತಾರು ವರ್ಷವೂ ಅವಳಿಗೆ ಹದಿನಾಲ್ಕೇ. ಅವಳಿಗೆ ಮೂವರು ಗೆಳೆಯರು. ಭುಜದಿಂದ ಬಾಗಿಲು ಒಡೆಯುವ ದಡೂತಿ ಎಂಬ ಹುಡುಗಿ, ಸೋಡಾಬುಡ್ಡಿ ಕನ್ನಡಕದಲ್ಲಿ ನಕ್ಷೆ ಓದುವ ಕಪ್ಪೆಗಣ್ಣ, ಮಾತು ಬಾಯಲ್ಲೇ ಸಿಕ್ಕಿಕೊಳ್ಳುವ ತಡವರ. ಇವರ ಎದುರಾಳಿ ಹಳೇಹಲ್ಲು ದೊರೆ, ಆರುನೂರು ವರ್ಷದ ರಕ್ತಪಿಶಾಚಿ. ವರ್ಷಕ್ಕೆ ನಾಲ್ಕು ಸಲ ಸತ್ತು, ಓದುಗರ ಒತ್ತಾಯದ ಮೇರೆಗೆ ನಾಲ್ಕು ಸಲವೂ ಎದ್ದುಬರುತ್ತಿದ್ದ.

ಗುಳ್ಳೆಯಕ್ಕನ ತಂದೆ ಅಂಗಡಿಗಳಿಗೆ ಬೋರ್ಡು ಬರೆಯುವವರು. ಏಣಿಯ ಕೆಳಗೆ ಬಣ್ಣದ ಡಬ್ಬ ಹಿಡಿದು ನಿಂತೇ ಅವಳು ಅಕ್ಷರ ಕಲಿತಳು. ಬೋರ್ಡು ಬರೆಯುವವನಿಗೆ ತನ್ನದು ಎನ್ನುವ ಕೈಬರಹ ಇರಬಾರದು, ಔಷಧಿ ಅಂಗಡಿಯ ಅಕ್ಷರ ಔಷಧಿ ಅಂಗಡಿಯದ್ದಾಗಿರಬೇಕು, ಹೆಣದ ಪೆಟ್ಟಿಗೆ ಮಾಡುವವನದ್ದು ಅವನದ್ದಾಗಿರಬೇಕು ಎಂಬುದು ತಂದೆಯ ಪಾಠ. ಅವಳು ಹನ್ನೆರಡನೇ ವಯಸ್ಸಿಗೇ ಯಾರ ಅಕ್ಷರವನ್ನಾದರೂ ಒಮ್ಮೆ ಕಂಡರೆ ಸಾಕು, ಹಾಗೇ ಬರೆದು ತೋರಿಸುತ್ತಿದ್ದಳು. ಶಾಲೆಯಲ್ಲಿ ಅರ್ಧ ತರಗತಿಯ ರಜೆ ಚೀಟಿಗಳಿಗೆ ಅಪ್ಪಂದಿರ ಸಹಿ ಹಾಕಿದವಳು ಅವಳೇ. ಒಬ್ಬರಿಗೂ ಏಟು ಬೀಳಲಿಲ್ಲ.

ಮದುವೆಯಾದದ್ದು ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದಿಕೊಂಡು ಬರುವವನನ್ನು. ದಿನವಿಡೀ ನಾಯಿಗಳಿಂದ ಕಾಲು ಉಳಿಸಿಕೊಂಡು ಸಂಜೆ ಮನೆಗೆ ಬಂದರೆ ಅವನಿಗೆ ಮಾತು ಬೇಡವಾಗಿರುತ್ತಿತ್ತು. ಅವನ ಪಾಲಿನ ಮಾತನ್ನೂ ಅವನ ತಾಯಿಯೇ ಆಡುತ್ತಿದ್ದರು. ಅತ್ತೆಯ ನಾಲಗೆಯನ್ನು ಗುಳ್ಳೆಯಕ್ಕ ಹನ್ನೊಂದು ವರ್ಷ ಸಹಿಸಿಕೊಂಡಳು. ಎದುರು ಒಂದು ಮಾತು ಆಡಲಿಲ್ಲ. ಆಡಬೇಕಾದದ್ದನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡೇ ಬೆಳಿಗ್ಗೆ ಕಚೇರಿಗೆ ಬರುತ್ತಿದ್ದಳು. ಚೂಪಿಯ ಅದೃಷ್ಟ.

ಏಕೆಂದರೆ ಕಥೆಗಾರರ ಚೂಪಿ ಬೇರೆಯೇ ಇದ್ದಳು. ಅವರು ನಾಟಕ ಬರೆದು ಬಂದವರು. ಅವರ ಹುಡುಗಿ ಗೂಟ ಎತ್ತಿದಳೆಂದರೆ, “ಎಲೈ ರುಧಿರಪಿಪಾಸುವೇ, ಅಮಾಯಕರ ಕಣ್ಣೀರು ನಿನ್ನ ಸಿಂಹಾಸನವನ್ನು ಕೊಚ್ಚಿಕೊಂಡು ಹೋಗುವ ಕಾಲ ಸನ್ನಿಹಿತವಾಗಿದೆ” ಎಂದು ಮುಗಿಸುವ ಹೊತ್ತಿಗೆ ರಕ್ತಪಿಶಾಚಿ ನಾಲ್ಕು ಜನರ ರಕ್ತ ಕುಡಿದು ಬಾಯಿ ಒರೆಸಿಕೊಳ್ಳಬಹುದಿತ್ತು. ಮೊದಲ ವರ್ಷ ಗುಳ್ಳೆಯಕ್ಕ ಹಾಳೆ ಹಿಡಿದುಕೊಂಡು ಅವರ ಮೇಜಿಗೆ ಹೋದಳು.

“ಸಾರ್, ಈ ಗುಳ್ಳೆಯಲ್ಲಿ ಇಪ್ಪತ್ತು ಅಕ್ಷರ ಹಿಡಿಸತ್ತೆ. ನೀವು ಐವತ್ತು ಕೊಟ್ಟಿದ್ದೀರ. ಒತ್ತಕ್ಷರ ಬೇರೆ ಕೆಳಗಿನ ಸಾಲಿನ ತಲೆ ಮೇಲೆ ಕೂರ್ತವೆ.”

“ಗುಳ್ಳೆ ದೊಡ್ಡದು ಮಾಡಿಸಿ.”

“ದೊಡ್ಡದು ಮಾಡಿದ್ರೆ ಚೂಪಿ ಮುಖ ಮುಚ್ಚಿಹೋಗತ್ತೆ.”

“ಅಯ್ಯೋ ಗುಳ್ಳೆಯಕ್ಕ, ನನಗೆ ಮಧ್ಯಾಹ್ನ ಇನ್ನೊಂದು ಪತ್ರಿಕೆಗೆ ಧಾರಾವಾಹಿ ಕೊಡಬೇಕು. ಏನಾದ್ರೂ ಮಾಡಿ ಹಿಡಿಸಿ.”

ಅವಳು ಹಿಡಿಸಿದಳು. ಆ ವಾರ ಹಳೇಹಲ್ಲು ದೊರೆ, “ಹುಡುಗೀ, ನನಗೆ ಆರುನೂರು ವರ್ಷ!” ಎಂದು ಗುಡುಗಿದಾಗ ಚೂಪಿ, “ಹಾಗಾದ್ರೆ ಕೂತ್ಕೊಳ್ಳಿ ತಾತ, ನಿಂತು ಯಾಕೆ ಸಾಯ್ತೀರ?” ಎಂದಳು. ಓದುಗರ ಪತ್ರಗಳು ಚೀಲದಲ್ಲಿ ಬಂದವು.

ಆಮೇಲೆ ಕಥೆಗಾರರು ಮಾತು ಬರೆಯುವುದನ್ನು ಮೆಲ್ಲಗೆ ಬಿಟ್ಟರು. ಮೊದಲು “ಇಲ್ಲಿ ಚೂಪಿ ಚೆನ್ನಾಗಿ ಬೈಯಲಿ” ಎಂದು ಬರೆದುಕೊಡುತ್ತಿದ್ದರು. ನಂತರ “ಇಲ್ಲಿ ಮಾತು” ಎಂದಷ್ಟೇ. ಮೂರನೇ ವರ್ಷದ ಹೊತ್ತಿಗೆ ಹಾಳೆಯಲ್ಲಿ ಕಥೆಯ ನಾಲ್ಕು ಸಾಲು ಇರುತ್ತಿತ್ತು, ಮಾತಿನ ಜಾಗದಲ್ಲಿ ಬಿಳಿ ಹಾಳೆ. ರಕ್ತಪಿಶಾಚಿ ಹೊಸ್ತಿಲಲ್ಲಿ ನಿಂತು, ಕರೆಯದೆ ಒಳಗೆ ಬರಲು ಆ ಜಾತಿಗೆ ಸಾಧ್ಯವಿಲ್ಲವಾದ್ದರಿಂದ, “ಒಳಗೆ ಕರೀ ಮಗು” ಎಂದು ಬೇಡುವಾಗ ಚೂಪಿ, “ಕರೆದೂ ಕರೆದೂ ಸಾಕಾಗಿದೆ, ಬಂದವರೆಲ್ಲ ಉಂಡೇ ಹೋಗ್ತಾರೆ” ಎನ್ನುವುದು ಗಂಡನ ಕಡೆಯ ನೆಂಟರು ಹದಿನೆಂಟು ದಿನ ಠಿಕಾಣಿ ಹೂಡಿದ್ದ ತಿಂಗಳಿನದು. ತಡವರನ ಪ್ರತಿ ಮಾತಿಗೂ ಮೂರು ಮೂರು ಸಲ ಅದೇ ಅಕ್ಷರ ಬರೆದು ಕೈ ಸೋತ ಗುಳ್ಳೆಯಕ್ಕ, ಯಾರನ್ನೂ ಕೇಳದೆ ನಾಲ್ಕು ಸಂಚಿಕೆಗಳಲ್ಲಿ ಅವನ ತೊದಲು ವಾಸಿ ಮಾಡಿದಳು. ಹುಡುಗನ ಆತ್ಮವಿಶ್ವಾಸ ಬೆಳೆದ ಬಗೆಯನ್ನು ಮೆಚ್ಚಿ ಒಬ್ಬ ಶಾಲಾ ಮುಖ್ಯೋಪಾಧ್ಯಾಯರು ಕಥೆಗಾರರಿಗೆ ಎರಡು ಪುಟದ ಕಾಗದ ಬರೆದರು. ಕಥೆಗಾರರು ಅದನ್ನು ಚೌಕಟ್ಟು ಹಾಕಿಸಿದರು.

ಇಲ್ಲೊಂದು ತೊಡಕಿತ್ತು. ಯಜಮಾನರು. ಗುಳ್ಳೆಯಕ್ಕನಿಗೂ ಮುಂಚೆ ಅಕ್ಷರ ಬರೆಯುತ್ತಿದ್ದವನೊಬ್ಬ ಜಗಳ ಮಾಡಿಕೊಂಡು ಕೆಲಸ ಬಿಡುವಾಗ, ಕಡೆಯ ಪುಟದಲ್ಲಿ ಒಂದು ಬಾವಲಿಯ ಬಾಯಿಂದ ಯಜಮಾನರ ಬೊಕ್ಕತಲೆಯ ಬಗ್ಗೆ ಮಾತಾಡಿಸಿದ್ದ. ಅದು ಅಚ್ಚಾಗಿ ಊರೆಲ್ಲ ಓದಿತ್ತು. ಅಂದಿನಿಂದ ಪ್ರತಿ ಗುರುವಾರ ಯಜಮಾನರು ಕಥೆಗಾರರ ಹಾಳೆಯನ್ನೂ ಸಿದ್ಧವಾದ ಪುಟವನ್ನೂ ಪಕ್ಕಪಕ್ಕ ಇಟ್ಟು, ಒಂದರ ಮೇಲೆ ಎಡಗೈ ಬೆರಳು, ಇನ್ನೊಂದರ ಮೇಲೆ ಬಲಗೈ ಬೆರಳು ಓಡಿಸಿ ತಾಳೆ ನೋಡುತ್ತಿದ್ದರು. ಹಾಳೆಯಲ್ಲಿ ಇಲ್ಲದ ಒಂದು ಮಾತು ಪುಟದಲ್ಲಿದ್ದರೆ ಇಡೀ ಪುಟ ಹೊಸದಾಗಿ ಆಗಬೇಕು.

ಆದ್ದರಿಂದ ಪುಟದಲ್ಲಿ ತುಂಬಿದ ಮಾತನ್ನು ಹಿಂದಿರುಗಿ ಹಾಳೆಯಲ್ಲೂ ತುಂಬಬೇಕಾಗಿತ್ತು. ಮೊದಮೊದಲು ಕಥೆಗಾರರೇ ನಕಲು ಮಾಡಿಕೊಳ್ಳುತ್ತಿದ್ದರು, ಮೂರನೇ ವರ್ಷಕ್ಕೆ ಅದಕ್ಕೂ ಬಿಡುವಿರಲಿಲ್ಲ. ಗುಳ್ಳೆಯಕ್ಕನ ದುಂಡನೆಯ ಅಕ್ಷರ ಅಲ್ಲಿ ಕಂಡರೆ ಯಜಮಾನರು ಬಿಡುವವರಲ್ಲ. ಕಥೆಗಾರರು ಮೊದಲ ಸಲ ಬೆವರು ಒರೆಸಿಕೊಂಡು ಕೇಳಿದರು.

“ಗುಳ್ಳೆಯಕ್ಕ, ನೀವು ಯಾರ ಅಕ್ಷರ ಬೇಕಾದ್ರೂ ಬರೀತೀರಂತೆ. ನನ್ನದು ಬರುತ್ತಾ?”

“ನಿಮ್ಮದೇನು ಮಹಾ? ಎಡಕ್ಕೆ ವಾಲಿದ ಬೇಲಿ ಥರ ಇದೆ.”

“ಹಾಗಾದ್ರೆ ಆ ಬೇಲಿ ಹಾಕಿಬಿಡಿ ತಾಯಿ. ಇದೊಂದು ಸಲ.”

ಇಪ್ಪತ್ಮೂರು ವರ್ಷ ಅವಳು ಬೇಲಿ ಹಾಕಿದಳು. ಹಾಕುವ ಕೆಲಸ ಎಂದ ಮೇಲೆ ಅರೆಬರೆ ಮಾಡುವ ಹೆಂಗಸಲ್ಲ. ಕಥೆಗಾರರು ತಪ್ಪಾದರೆ ಎರಡು ಗೆರೆ ಎಳೆದು ಹೊಡೆದುಹಾಕುತ್ತಿದ್ದರು, ಅವಳೂ ಎರಡೇ ಎಳೆದಳು. ಅವರು ದೀರ್ಘ ಮರೆಯುತ್ತಿದ್ದ ಪದಗಳಲ್ಲಿ ಅವಳೂ ದೀರ್ಘ ಮರೆತಳು. ಅವರ ಹಾಳೆಯ ಅಂಚಿನಲ್ಲಿ ಲೋಟದ ಗುಂಡನೆಯ ಕಲೆ ಇಲ್ಲದಿದ್ದರೆ ತನ್ನ ಚಹಾ ಲೋಟವನ್ನು ಅಲ್ಲೊಮ್ಮೆ ಕೂರಿಸಿ ಎತ್ತುತ್ತಿದ್ದಳು. ಯಜಮಾನರ ಎರಡು ಬೆರಳುಗಳು ಒಂದು ಗುರುವಾರವೂ ಎಡವಲಿಲ್ಲ. ಹಾಳೆಗಳು ದಾರ ಕಟ್ಟಿಸಿಕೊಂಡು ಪೆಟ್ಟಿಗೆ ಸೇರಿದವು.

ಪತ್ರಿಕೆ ನಿಂತಿತು. ಚಿತ್ರಕಾರ ತೀರಿಕೊಂಡ, ಯಜಮಾನರೂ ತೀರಿಕೊಂಡರು. ಗುಳ್ಳೆಯಕ್ಕ ಅರವತ್ತಮೂರಕ್ಕೆ ಬಂದಳು. ಅತ್ತೆಯ ಕೋಣೆಯಲ್ಲಿ ಈಗ ಹೊಲಿಗೆ ಯಂತ್ರ ಕೂತಿತ್ತು, ಮೀಟರ್ ಓದುತ್ತಿದ್ದವನು ನಿವೃತ್ತನಾಗಿ ದಿನಪತ್ರಿಕೆಯ ಪದಬಂಧ ತುಂಬುತ್ತಿದ್ದ. ಆಗ ಯಜಮಾನರ ಮಗ, ಅಂದರೆ ಸಣ್ಣ ಯಜಮಾನರು, ಚೂಪಿಯ ಎಲ್ಲ ಸಾಹಸಗಳನ್ನೂ ಎರಡು ದಪ್ಪ ಸಂಪುಟಗಳಾಗಿ ತರುತ್ತೇವೆಂದು ಘೋಷಿಸಿದರು. ಮೊದಲ ಪುಟದಲ್ಲಿ ಹಾಕುವ ಹೆಸರುಗಳ ಪಟ್ಟಿಯನ್ನು ಹಳೆಯ ನೌಕರರಿಗೆಲ್ಲ ಅಂಚೆಯಲ್ಲಿ ಕಳಿಸಿದರು. ಗುಳ್ಳೆಯಕ್ಕ ಕನ್ನಡಕ ಹಾಕಿಕೊಂಡು ಓದಿದಳು. ಕಥೆ ಮತ್ತು ಸಂಭಾಷಣೆ ಎಂಬುದರ ಮುಂದೆ ಕಥೆಗಾರರು. ಚಿತ್ರದ ಮುಂದೆ ಚಿತ್ರಕಾರ. ಅಕ್ಷರದ ಮುಂದೆ “ಕಚೇರಿ ಬಳಗ”.

“ರೀ, ನಾನು ಬಳಗ ಅಂತೆ,” ಎಂದಳು.

ಗಂಡ ಪದಬಂಧದಿಂದ ತಲೆ ಎತ್ತಿದ. “ಎಷ್ಟು ಜನ ಇದ್ರಿ ಬಳಗದಲ್ಲಿ?”

“ನಾನು, ನನ್ನ ನಿಬ್ಬು.”

“ಹೋಗಿ ಕೇಳು. ಅಲ್ಲಿ ಬಾಯಿ ಬಿಡದೆ ಬಂದು ಇಲ್ಲಿ ಪಾತ್ರೆ ಕುಕ್ಕಬೇಡ.”

ನಲವತ್ತು ವರ್ಷದ ದಾಂಪತ್ಯದಲ್ಲಿ ಅವನು ಆಡಿದ ಅತಿ ಉದ್ದದ ಭಾಷಣ ಅದು. ಗುಳ್ಳೆಯಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಸಂಭಾಷಣೆ ಎಂಬ ಒಂದು ಪದದ ಮುಂದೆ ತನ್ನ ಹೆಸರು ಬರಬೇಕು ಎಂಬ ಒಂದೇ ಬೇಡಿಕೆ ಹೊತ್ತು ರಣರಂಗಕ್ಕೆ ಹೊರಟಳು. ಅಕ್ಷರದ ಮುಂದೆ ಯಾರ ಹೆಸರು ಹಾಕಿಕೊಂಡರೂ ಅವಳಿಗೆ ಚಿಂತೆ ಇರಲಿಲ್ಲ. ಚೂಪಿಯ ಬಾಯಿ ಮಾತ್ರ ತನ್ನದು.

ಸಂಪುಟಗಳಿಗೆಂದು ನೇಮಿಸಿದ್ದ ಹೊಸ ಸಂಪಾದಕಿಗೆ ಮೂವತ್ತು ದಾಟಿರಲಿಲ್ಲ. ಚೂಪಿಯನ್ನು ಓದಿಕೊಂಡೇ ಬೆಳೆದವಳು, ಅರ್ಧಕ್ಕರ್ಧ ಸಂಚಿಕೆ ಬಾಯಿಪಾಠ. ಗುಳ್ಳೆಯಕ್ಕ ಹೇಳಿದ್ದನ್ನೆಲ್ಲ ಕೈ ಕಟ್ಟಿ ಕೇಳಿದಳು.

“ಅಮ್ಮ, ನಾನು ನಿಮ್ಮನ್ನ ನಂಬ್ತೀನಿ. ಆದ್ರೆ ಸಣ್ಣ ಯಜಮಾನರು ನಂಬಬೇಕಲ್ಲ. ಏನಾದ್ರೂ ಗುರುತು ಇದೆಯಾ?”

“ಪೆಟ್ಟಿಗೆಗಳು ಇವೆಯಲ್ಲಮ್ಮ. ಹಾಳೆಗಳಲ್ಲಿದೆ.”

ಹದಿನೇಳು ಪೆಟ್ಟಿಗೆ ಕೆಳಗಿಳಿಸಿದರು. ಎರಡು ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಕೂತು ಹಾಳೆ ತಿರುವಿದರು. ಎಲ್ಲೋ ಒಂದು ಕಡೆ ಅವಸರದಲ್ಲಿ, ಜ್ವರದಲ್ಲಿ, ಮನೆಯ ಗಲಾಟೆಯ ಮರುದಿನದಲ್ಲಿ ತನ್ನ ದುಂಡನೆಯ ಅಕ್ಷರ ಜಾರಿಬಿದ್ದಿರಬೇಕು ಎಂದು ಗುಳ್ಳೆಯಕ್ಕ ಹುಡುಕಿದಳು. ಕಳ್ಳತನ ಮಾಡಿದವಳೇ ಪೊಲೀಸಾಗಿ ಬಂದಂತಾಗಿತ್ತು, ಕಳ್ಳಿ ಬಹಳ ಜಾಣೆ. ಸಾಲು ಸಾಲು ಬೇಲಿ, ಎಲ್ಲವೂ ಎಡಕ್ಕೆ.

“ಇದು ನೋಡು, ಇಲ್ಲಿ ನಾನು ಮೊದಲು ಒಂದು ಮಾತು ಬರೆದು, ಹೊಡೆದು, ಆಮೇಲೆ ಚೆನ್ನಾಗಿರೋದು ಹಾಕಿದ್ದು. ಜ್ಞಾಪಕ ಇದೆ.”

ಸಂಪಾದಕಿ ಹಾಳೆಯನ್ನು ಬೆಳಕಿಗೆ ಹಿಡಿದಳು. “ಹೊಡೆದು ಹಾಕಿದ್ದೂ ಅವರ ಥರಾನೇ ಇದೆಯಲ್ಲಮ್ಮ?”

“ಅವರು ಎರಡು ಗೆರೆ ಎಳೀತಿದ್ರು. ಒಂದೇ ಎಳೆದ್ರೆ ಗೊತ್ತಾಗ್ತಿರಲಿಲ್ವಾ?”

“ಯಾರಿಗೆ?”

“ಯಜಮಾನರಿಗೆ!” ಎಂದು ಇನ್ನೂ ಹಳೆಯ ಹೆಮ್ಮೆಯಲ್ಲೇ ಹೇಳಿದವಳು, ಹೇಳಿ ಮುಗಿಸುವಷ್ಟರಲ್ಲಿ ಕನ್ನಡಕ ತೆಗೆದು ಮಡಚಿದಳು. ಸಂಪಾದಕಿ ಹಾಳೆಯನ್ನು ಮೆಲ್ಲಗೆ ಕಟ್ಟಿನೊಳಗೆ ಇಟ್ಟಳು.

ಉಳಿದದ್ದು ಒಂದೇ ದಾರಿ. ಕಥೆಗಾರರು ಬದುಕಿದ್ದರು, ಅವರು ಹೌದು ಎಂದರೆ ಮುಗಿಯಿತು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಗುಳ್ಳೆಯಕ್ಕ ಅವರ ಮನೆಯ ಗಂಟೆ ಒತ್ತಿದಳು. ಎಪ್ಪತ್ತೆಂಟರ ಮುದುಕರು ಅವಳನ್ನು ಕಂಡು ಮಗುವಿನಂತೆ ಖುಷಿಪಟ್ಟರು. “ಬನ್ನಿ ಬನ್ನಿ, ಗುಳ್ಳೆಯಕ್ಕ!” ಎಂದು ತಾವೇ ಕುರ್ಚಿ ಎಳೆದರು. ಎಳೆಯುವಾಗ ಕೈ ಗಡಗಡ ನಡುಗಿತು. ಗೋಡೆಯ ಮೇಲೆ ಮುಖ್ಯೋಪಾಧ್ಯಾಯರ ಪತ್ರ ಚೌಕಟ್ಟಿನಲ್ಲಿ ತೂಗುತ್ತಿತ್ತು. ಸೊಸೆ ಚಹಾ ತಂದಿಟ್ಟಳು.

ಗುಳ್ಳೆಯಕ್ಕ ಸುತ್ತಿ ಬಳಸದೆ ಕೇಳಿದಳು.

“ನೀವಾ?” ಎಂದರು ಕಥೆಗಾರರು. ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯ. “ಎಲ್ಲೋ ಒಂದೆರಡು ಗುಳ್ಳೆ ತುಂಬಿರಬಹುದು. ಇಲ್ಲ ಅನ್ನಲ್ಲ. ನಾನು ಊರಲ್ಲಿ ಇಲ್ಲದಾಗ.”

“ಇಪ್ಪತ್ಮೂರು ವರ್ಷ ನೀವು ಊರಲ್ಲಿ ಇರಲಿಲ್ವಾ ಸಾರ್?”

ಅವರು ನಕ್ಕರು. ಸಣ್ಣ ಯಜಮಾನರು ಮುನ್ನುಡಿಗೆಂದು ಕಳಿಸಿದ್ದ ಹಾಳೆಗಳ ಕಟ್ಟನ್ನು ಬಿಚ್ಚಿದರು. “ನೋಡಿ. ನನ್ನ ಅಕ್ಷರ ನನಗೆ ಗೊತ್ತಿಲ್ವಾ?” ಒಂದೊಂದೇ ಗಟ್ಟಿಯಾಗಿ ಓದಿದರು. ದಡೂತಿ ಬಾಗಿಲು ಒಡೆದು, “ಕ್ಷಮಿಸಿ, ತೆರೆದೇ ಇತ್ತಾ?” ಎಂದು ಕೇಳುವಲ್ಲಿ ಹೊಟ್ಟೆ ಹಿಡಿದು ನಕ್ಕರು. ಚೂಪಿ ಒಂಟಿಯಾಗಿ ಬಾವಿಗೆ ಇಳಿಯುವಲ್ಲಿ ಕಣ್ಣು ಒದ್ದೆಯಾಯಿತು. “ಆಗ ನನ್ನ ತಲೆ ಹೇಗೆ ಓಡ್ತಿತ್ತು ಗುಳ್ಳೆಯಕ್ಕ! ಈ ಮಾತುಗಳೆಲ್ಲ ಎಲ್ಲಿಂದ ಬರ್ತಿದ್ವೋ, ಈಗ ನನಗೇ ತಿಳಿಯಲ್ಲ.”

“ನನ್ನ ಅತ್ತೆಯಿಂದ,” ಎಂದಳು ಗುಳ್ಳೆಯಕ್ಕ.

ಅವರು ಅದನ್ನೂ ಒಂದು ಹಾಸ್ಯ ಎಂದುಕೊಂಡರು. ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳುಗಾರನಾಗಿದ್ದರೆ ಅವಳು ಬಾಯಿ ಮುಚ್ಚಿಸಿ ಬರುತ್ತಿದ್ದಳು, ಚೂಪಿಯಿಂದ ಅದನ್ನೇ ಎಷ್ಟು ಸಲ ಮಾಡಿಸಿರಲಿಲ್ಲ? ತನ್ನ ಕೈಬರಹವನ್ನು ಕಣ್ಣಾರೆ ಕಂಡು ನಂಬಿರುವ ಮುದುಕನಿಗೆ ಯಾವ ಗೂಟವೂ ಇಳಿಯುವುದಿಲ್ಲ. ಅವಳು ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡಳು, ಪಕ್ಕದಲ್ಲಿದ್ದ ದಿನಪತ್ರಿಕೆಯ ಅಂಚಿನಲ್ಲಿ ಒಂದು ಸಾಲು ಬರೆದು ಅವರ ಮುಂದೆ ತಳ್ಳಿದಳು.

ಕಥೆಗಾರರು ಕನ್ನಡಕ ಏರಿಸಿದರು. “ಇದು ಯಾವಾಗ ಬರೆದೆ ನಾನು?”

“ಈಗ. ನಾನು. ನಿಮ್ಮ ಕಣ್ಣ ಮುಂದೆ.”

ಅವರು ಅಕ್ಷರವನ್ನು ಬಹಳ ಹೊತ್ತು ನೋಡಿದರು. ಮುಖದಲ್ಲಿ ಏನೋ ಹೊಳೆದಂತಾಯಿತು. ಸೊಸೆಯೂ ಬಾಗಿ ನೋಡಿದಳು.

“ಮಾವ, ಇವರಿಗೆ ನಿಮ್ಮ ಸಹಿಯೂ ಬರಬಹುದು ಅಲ್ವಾ?” ಎಂದಳು ಸೊಸೆ.

ಹೊಳೆದದ್ದು ಅದೇ. ಸಂಪುಟದ ವಿಶೇಷ ಪ್ರತಿಗಳಲ್ಲಿ ಕಥೆಗಾರರ ಸಹಿಯ ಹಾಳೆ ಸೇರಿಸಿ ಹೊಲಿಯುತ್ತಾರಂತೆ. ಸಣ್ಣ ಯಜಮಾನರು ಮುನ್ನೂರು ಖಾಲಿ ಹಾಳೆ, ಕೆಟ್ಟರೆ ಇರಲೆಂದು ಮೇಲೆ ಇಪ್ಪತ್ತು, ತಂದಿಟ್ಟು ಹೋಗಿ ಎರಡು ವಾರವಾಗಿತ್ತು. ಮುದುಕರು ಹನ್ನೊಂದಕ್ಕೆ ಸಹಿ ಹಾಕಿದ್ದರು. ಹನ್ನೊಂದೂ ಇರುವೆ ಶಾಯಿಗೆ ಬಿದ್ದು ನಡೆದುಹೋದಂತಿದ್ದವು. ಸೊಸೆ ಅವನ್ನು ಬಚ್ಚಿಟ್ಟಿದ್ದಳು.

“ಗುಳ್ಳೆಯಕ್ಕ,” ಎಂದರು ಕಥೆಗಾರರು. “ಇದೊಂದು ಸಲ.”

ಅವಳು ಪೆನ್ನು ಕೆಳಗಿಟ್ಟಳು. ಚಹಾ ಕುಡಿದಳು. ಆಮೇಲೆ ತನ್ನ ಜೀವನದ ಮೊದಲ ವ್ಯಾಪಾರಕ್ಕೆ ಕೂತಳು.

“ಮೊದಲ ಪುಟದಲ್ಲಿ ಸಂಭಾಷಣೆ ಅಂತ ಇದೆಯಲ್ಲ, ಅಲ್ಲಿ ನನ್ನ ಹೆಸರೂ ಬರಬೇಕು. ನಿಮ್ಮ ಹೆಸರಿನ ಕೆಳಗೇ ಆಗಲಿ. ಈಗಲೇ ಸಣ್ಣ ಯಜಮಾನರಿಗೆ ಫೋನ್ ಮಾಡಿ ಹೇಳಿ. ಆಮೇಲೆ ಪೆನ್ನು ಹಿಡಿತೀನಿ.”

ಮುದುಕರಿಗೆ ಇದರಲ್ಲಿ ಏನೂ ಕಷ್ಟ ಕಾಣಲಿಲ್ಲ. ಫೋನ್ ತೆಗೆದುಕೊಂಡರು. “ನೋಡಿಪ್ಪ, ನಮ್ಮ ಗುಳ್ಳೆಯಕ್ಕನ ಹೆಸರು ಸಂಭಾಷಣೆ ಜಾಗದಲ್ಲಿ ಸೇರಿಸಿ. ತುಂಬಾ ಸಹಾಯ ಮಾಡಿದ್ದಾರೆ. ಹೂಂ... ಹೂಂ... ಆಯ್ತು ಅಂತಾರೆ, ಗುಳ್ಳೆಯಕ್ಕ.” ಫೋನಿನಿಂದ ಸಣ್ಣ ಯಜಮಾನರು “ಖಂಡಿತ ಸಾರ್, ಖಂಡಿತ” ಎಂದದ್ದು ಅವಳಿಗೂ ಕೇಳಿಸಿತು.

ಊಟದ ಮೇಜು ಒರೆಸಿಕೊಟ್ಟರು. ಹನ್ನೊಂದೂವರೆಯಿಂದ ನಾಲ್ಕರವರೆಗೆ ಗುಳ್ಳೆಯಕ್ಕ ಮುನ್ನೂರು ಸಲ ಕಥೆಗಾರರಾದಳು. ಸೊಸೆ ಹಾಳೆ ಸರಿಸಿ ಕೊಟ್ಟಳು, ಸಹಿ ಒಣಗಲೆಂದು ಸೋಫಾ, ಕಿಟಕಿ, ಫ್ರಿಜ್ಜಿನ ತಲೆ ಎಲ್ಲ ಕಡೆ ಹರಡಿದಳು. ಕಥೆಗಾರರು ಪಕ್ಕದಲ್ಲಿ ಕೂತು ಮೇಲ್ವಿಚಾರಣೆ ಮಾಡಿದರು.

“ನನ್ನ ಸಹಿ ಬಾಲ ಇನ್ನೂ ಸ್ವಲ್ಪ ಉದ್ದ ಅಲ್ವಾ?”

“ಮೊದಲು ಉದ್ದ ಇತ್ತು. ಪ್ರಶಸ್ತಿ ಬಂದ ಮೇಲೆ ಕತ್ತರಿಸಿದ್ರಿ.”

“ಹೌದಾ?” ಎಂದು ಅವರು ಮೆಚ್ಚಿಕೊಂಡರು. “ನನಗಿಂತ ನಿಮಗೇ ಚೆನ್ನಾಗಿ ಗೊತ್ತು.”

ಎರಡು ತಿಂಗಳ ಮೇಲೆ ಸಂಪುಟಗಳು ಬಂದವು. ಗುಳ್ಳೆಯಕ್ಕನಿಗೆ ಒಂದು ಸಾದಾ ಪ್ರತಿಯನ್ನು ಸಂಪಾದಕಿಯೇ ಮನೆಗೆ ತಂದುಕೊಟ್ಟಳು. ತಂದವಳು ಕುರ್ಚಿಯ ತುದಿಯಲ್ಲಿ ಕೂತಳು. ಅದು ಒಳ್ಳೆಯ ಲಕ್ಷಣ ಅಲ್ಲ. ಗುಳ್ಳೆಯಕ್ಕ ಮೊದಲ ಪುಟ ತೆಗೆದಳು. ಕಥೆ ಮತ್ತು ಸಂಭಾಷಣೆ: ಕಥೆಗಾರರು, ಒಬ್ಬರೇ. ಕಚೇರಿ ಬಳಗ ಹೋಗಿತ್ತು. ಅಕ್ಷರ ಎಂಬುದರ ಮುಂದೆ ಅವಳ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ, ದಪ್ಪಕ್ಷರದಲ್ಲಿ.

“ನಾನು ತುಂಬಾ ಹೇಳಿದೆ ಅಮ್ಮ,” ಎಂದಳು ಸಂಪಾದಕಿ. “ವಕೀಲರು ಪೆಟ್ಟಿಗೆ ನೋಡಿದ್ರು. ಎಲ್ಲಾ ಅವರ ಕೈಬರಹ, ಇನ್ನೊಬ್ಬರ ಹೆಸರು ಹಾಕಿದ್ರೆ ನಾಳೆ ಸಿನಿಮಾದವರು ಬಂದಾಗ ತಕರಾರು ಆಗತ್ತೆ ಅಂದ್ರು.”

“ನನ್ನನ್ನ ಕರೆಸಿದ್ರೆ ವಕೀಲರ ಮುಂದೆ ಬರೆದು ತೋರಿಸ್ತಿದ್ದೆ.”

ಸಂಪಾದಕಿ ತನ್ನ ಬೆರಳುಗಳನ್ನು ನೋಡಿಕೊಂಡಳು. “ಅದನ್ನೂ ಹೇಳಿದೆ. ಸಣ್ಣ ಯಜಮಾನರು ಬೇಡ ಅಂದ್ರು. ಸಹಿ ಹಾಕಿದ್ದು ನೀವು ಅಂತ ಸೊಸೆ ಅವರಿಗೆ ಹೇಳಿಬಿಟ್ಟಿದ್ದಾರೆ. ಅವರ ಕೈಬರಹ ಬರೆಯೋರು ಒಬ್ಬರಿದ್ದಾರೆ ಅಂತ ಹೊರಗೆ ಗೊತ್ತಾದ್ರೆ, ಆ ಮುನ್ನೂರು ಸಹಿ...”

ಗುಳ್ಳೆಯಕ್ಕ ಇನ್ನು ಮುಂದೆ ಬಾಯಿ ಬಿಟ್ಟರೆ ಮೊದಲು ಜೈಲು ನೋಡುವವಳು ಗುಳ್ಳೆಯಕ್ಕನೇ. ಹಳೇಹಲ್ಲು ದೊರೆಯನ್ನು ನೂರೆಂಟು ಬಾರಿ ಹೂತಿದ್ದ ವೀರಾಗ್ರಣಿ, ತನ್ನ ಪೆಟ್ಟಿಗೆಯೊಳಗೆ ತಾನೇ ಮಲಗಿ, ಒಳಗಿನಿಂದಲೇ ಮುನ್ನೂರು ಮೊಳೆ ಹೊಡೆದುಕೊಂಡಿದ್ದಳು. ಒಂದೂ ಸೊಟ್ಟಗಿರಲಿಲ್ಲ.

ಬಿಡುಗಡೆಯ ಸಮಾರಂಭಕ್ಕೆ ಅವಳು ಹೋದಳು. ಹೋಗಬೇಡ ಎಂದು ಗಂಡ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ, ಅವಳ ಜೊತೆ ಹೊರಟ. ಗ್ರಂಥಾಲಯದ ಸಭಾಂಗಣ, ಬೆಳಗಿನ ಹೊತ್ತು, ಫ್ಯಾನಿನ ಕೆಳಗೆ ನೂರೈವತ್ತು ಕುರ್ಚಿ. ಇಬ್ಬರೂ ಮೂರನೇ ಸಾಲಿನಲ್ಲಿ ಕೂತರು. ಭಾಷಣಗಳು ಮುಗಿದ ಮೇಲೆ ಓದುಗರು ಸಾಲುಗಟ್ಟಿದರು. ನಡುವಯಸ್ಸಿನ ಒಬ್ಬ ನರ್ಸು ಕೆಲಸದಿಂದ ಸೀದಾ ಬಂದಿದ್ದಳು, ಮೈಮೇಲೆ ಇನ್ನೂ ಆಸ್ಪತ್ರೆಯ ಬಟ್ಟೆ. ಕೈಯಲ್ಲಿ ವಿಶೇಷ ಪ್ರತಿ.

“ಸಾರ್, ಚೂಪಿ ಒಬ್ಬಳೇ ಬಾವಿಗೆ ಇಳಿಯೋವಾಗ ಹೇಳ್ತಾಳಲ್ಲ, ‘ಹೆದರಿಕೆ ಆಗ್ತಿದೆ, ಆಗಲಿ ಬಿಡು, ಅದರ ಕೆಲಸ ಅದು ಮಾಡಲಿ, ನನ್ನ ಕೆಲಸ ನಾನು ಮಾಡ್ತೀನಿ’ ಅಂತ. ಹತ್ತೊಂಬತ್ತು ವರ್ಷದಿಂದ ಆಪರೇಷನ್ ಕೋಣೆಗೆ ಹೋಗೋವಾಗೆಲ್ಲ ಅದನ್ನ ಹೇಳ್ಕೊಂಡು ಹೋಗ್ತೀನಿ. ಹೇಗೆ ಹೊಳೀತು ಸಾರ್ ನಿಮಗೆ?”

“ಬರವಣಿಗೆ ಅಂದ್ರೆ ಹಾಗೇನಮ್ಮ,” ಎಂದರು ಕಥೆಗಾರರು ನಮ್ರತೆಯಿಂದ. “ಎಲ್ಲಿಂದಲೋ ಬರತ್ತೆ.”

ಆ ಮಾತು ಬಂದದ್ದು ಗುಳ್ಳೆಯಕ್ಕ ಗರ್ಭಕೋಶ ತೆಗೆಸಲು ಆಸ್ಪತ್ರೆಗೆ ಸೇರುವ ಹಿಂದಿನ ದಿನ. ಮೂರನೇ ಸಾಲಿನಲ್ಲಿ ಗಂಡ ಅವಳ ಕಡೆ ತಿರುಗಿ ನೋಡಿದ. ಅವಳು ಫ್ಯಾನು ನೋಡುತ್ತಿದ್ದಳು.

“ಒಂದು ಸಹಿ ಹಾಕಿಕೊಡಿ ಸಾರ್.”

“ಒಳಗೇ ಇದೆಯಲ್ಲಮ್ಮ ಸಹಿ.”

“ಇದೆ. ಆದ್ರೂ ನನ್ನ ಕಣ್ಣೆದುರಿಗೆ ಒಂದು ಹಾಕಿ.”

ಮುದುಕರಿಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. ಎಡಗೈಯಿಂದ ಬಲಗೈ ಹಿಡಿದುಕೊಂಡು ಹಾಕಿದರು. ನರ್ಸು ಶಾಯಿ ಆರಲೆಂದು ಊದಿದಳು, ಒಳಗಿನ ಸಹಿಯ ಹಾಳೆ ತೆಗೆದಳು, ಅದನ್ನು ನೋಡಿದಳು, ಇದನ್ನು ನೋಡಿದಳು.

“ಇದು ಬೇರೆ ಥರ ಇದೆಯಲ್ಲ ಸಾರ್?”

ಸಣ್ಣ ಯಜಮಾನರು ಎಲ್ಲಿದ್ದರೋ, ಹಾರಿ ಬಂದರು. “ಸಾರ್‌ಗೆ ವಯಸ್ಸಾಗಿದೆ ಮೇಡಂ, ಸುಸ್ತಾಗಿದ್ದಾರೆ. ಒಳಗಿರೋದೇ ಅಸಲಿ. ಖುದ್ದಾಗಿ ಕೂತು ಹಾಕಿದ್ದು.”

“ಹಾಗಾದ್ರೆ ಅದೇ ಸಾಕು. ಆದ್ರೆ ಈ ಪುಟ ಗೀಚಿದ ಹಾಗೆ ಆಗಿದೆ. ಯಾರೋ ಮಗು ಬರೆದಂಗೆ. ಬೇರೆ ಪ್ರತಿ ಕೊಡ್ತೀರಾ?”

ಕೊಟ್ಟರು. ನರ್ಸು ಹೊಸ ಪ್ರತಿಯ ಒಳಗಿನ ಸಹಿಯನ್ನು ಬೆರಳಿಂದ ಒಮ್ಮೆ ಸವರಿ, ಎದೆಗವಚಿಕೊಂಡು ಹೋದಳು. ಕಥೆಗಾರರು ತಮ್ಮ ಕೈಯನ್ನೇ ನೋಡುತ್ತಾ ಕೂತರು. ಆಮೇಲೆ ತಲೆ ಎತ್ತಿ, ಕುರ್ಚಿಗಳ ಮೇಲೆ ಕಣ್ಣಾಡಿಸಿ ಮೂರನೇ ಸಾಲಿನ ಗುಳ್ಳೆಯಕ್ಕನ ಮೇಲೆ ಕಣ್ಣು ನಿಲ್ಲಿಸಿದರು. ಎಷ್ಟು ಅರ್ಥವಾಯಿತೋ ಅವರಿಗೇ ಗೊತ್ತು. ಮುಂದಿನ ಓದುಗ ಪುಸ್ತಕ ಚಾಚಿದ, ಅವರು ಪೆನ್ನು ಕೆಳಗಿಟ್ಟು ಆಗದು ಎಂದು ತಲೆಯಾಡಿಸಿದರು.

ಹಿಂದಿರುಗಿಸಿದ ಪ್ರತಿಯನ್ನು ಕೆಟ್ಟುಹೋದದ್ದೆಂದು ಮೇಜಿನ ಕೆಳಗೆ ತಳ್ಳಿದ್ದರು. ಜನ ಕರಗಿದ ಮೇಲೆ ಗುಳ್ಳೆಯಕ್ಕ ಹೋಗಿ ಸಣ್ಣ ಯಜಮಾನರನ್ನು ಅದನ್ನು ಕೇಳಿದಳು. ಅವರಿಗೆ ಇವಳು ಏನೂ ಗಲಾಟೆ ಮಾಡದೆ ಮನೆಗೆ ಹೋದರೆ ಸಾಕಿತ್ತು. ಧಾರಾಳವಾಗಿ ಕೊಟ್ಟರು.

ಬಸ್ಸಿನಲ್ಲಿ ಗಂಡ ಅದನ್ನು ತೊಡೆಯ ಮೇಲಿಟ್ಟುಕೊಂಡು ತೆರೆದ. ಎರಡೂ ಸಹಿಗಳನ್ನು, ಮೀಟರ್ ನೋಡುತ್ತಿದ್ದವನ ಗಮನದಿಂದ, ಕಣ್ಣು ಕಿರಿದು ಮಾಡಿ ನೋಡಿದ.

“ಇದರಲ್ಲಿ ನಿಂದು ಯಾವುದು?”

“ಅವರದು ಅಂತ ಕಾಣ್ತಿದೆಯಲ್ಲ, ಅದು,” ಎಂದಳು ಗುಳ್ಳೆಯಕ್ಕ.